ಆ ಊರಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ? ಒಂದು ಪ್ರಶ್ನೆಯ 200 ವರ್ಷ

ದೊಡ್ಡ ಊರೊಂದಕ್ಕೆ ಹೊರಟವರು ಬ್ಯಾಗಿಗೆ ಬಟ್ಟೆ ತುಂಬುವ ಮೊದಲೇ ಮೊಬೈಲ್ ತೆಗೆದು ಹುಡುಕುವುದು ಒಂದನ್ನೇ. ಅಲ್ಲಿ ಊಟ ಎಲ್ಲಿ ಚೆನ್ನಾಗಿರುತ್ತೆ? ಉತ್ತರಕ್ಕೇನೂ ಬರವಿಲ್ಲ. ‘ತಪ್ಪದೆ ತಿನ್ನಬೇಕಾದ 10’, ‘ಹೋಗಲೇಬೇಕಾದ 25’, 4.3 ಸ್ಟಾರ್, 4.6 ಸ್ಟಾರ್, ಮೊದಲ ತುತ್ತಿಗೇ ಕಣ್ಣು ಮುಚ್ಚಿ ತಲೆ ಆಡಿಸುವ ರೀಲ್ಸ್. ಒಂದು ಲಿಸ್ಟಿನಲ್ಲಿ ಮೊದಲು ಬಂದ ಹೋಟೆಲ್ ಇನ್ನೊಂದರಲ್ಲಿ ಇರುವುದೇ ಇಲ್ಲ. ಒಬ್ಬರು ಸ್ವರ್ಗ ಅಂದದ್ದನ್ನು ಅದರ ಕೆಳಗೇ ಇನ್ನೊಬ್ಬರು ಬಾಯಿಗೆ ಇಡೋಕಾಗಲ್ಲ ಅಂದಿರುತ್ತಾರೆ. ಅರ್ಧ ಗಂಟೆ ಇದನ್ನೆಲ್ಲ ಓದಿದ ಮೇಲೆ ಹಸಿವು ಜಾಸ್ತಿಯಾಗಿರುತ್ತದೆ, ಎಲ್ಲಿಗೆ ಹೋಗೋದು ಅನ್ನೋದು ಮಾತ್ರ ಗೊತ್ತಾಗಿರುವುದಿಲ್ಲ.

ಈ ಗೋಜಲು ಮೊಬೈಲ್ ಬಂದ ಮೇಲೆ ಶುರುವಾಯಿತು ಅಂತ ನಾನೂ ಅಂದುಕೊಂಡಿದ್ದೆ. ಅಲ್ಲ. ಇದಕ್ಕೆ 200 ವರ್ಷ ದಾಟಿದೆ.

ಅದಕ್ಕೂ ಹಿಂದೆ ಈ ಪ್ರಶ್ನೆಯೇ ಇರಲಿಲ್ಲ. ಯುರೋಪಿನಲ್ಲಿ ಪರ ಊರಿಗೆ ಹೋದವರು ಅಲ್ಲಿನ ತಂಗುಮನೆಯಲ್ಲಿ ಉದ್ದದ ಮೇಜಿಗೆ ಎಲ್ಲರ ಜೊತೆ ಕೂರುತ್ತಿದ್ದರು. ಹೇಳಿದ ಹೊತ್ತಿಗೆ ಬರಬೇಕು, ಬಡಿಸಿದ್ದನ್ನು ತಿನ್ನಬೇಕು. 1760ರ ದಶಕದ ಪ್ಯಾರಿಸ್‌ನಲ್ಲಿ ಒಂದು ಬಗೆಯ ಸಾರು ಮಾರುವ ಅಂಗಡಿಗಳು ಬಂದವು. ‘ರೆಸ್ಟೋರೆಂಟ್’ ಅನ್ನುವುದು ಮೊದಲು ಆ ಸಾರಿನ ಹೆಸರು, ಸುಸ್ತಾದವರಿಗೆ ಚೈತನ್ಯ ಕೊಡುವಂಥದ್ದು ಅಂತ ಅರ್ಥ. ಆಮೇಲೆ ಅಂಗಡಿಗೇ ಆ ಹೆಸರು ಅಂಟಿಕೊಂಡಿತು. ಅಲ್ಲಿ ನಮ್ಮದೇ ಮೇಜು, ನಮಗೆ ಬೇಕಾದ ಹೊತ್ತು, ಕೈಗೊಂದು ಮೆನು. 1789ರ ಕ್ರಾಂತಿಯ ನಂತರ ಇಂಥ ಜಾಗಗಳು ಹೆಚ್ಚುತ್ತಲೇ ಹೋದವು. ಒಂದೇ ಬೀದಿಯಲ್ಲಿ ಹತ್ತು ಬಾಗಿಲು ತೆರೆದಿದ್ದರೆ ಯಾವುದರೊಳಗೆ ಕಾಲಿಡೋದು?

ಇದಕ್ಕೆ ಉತ್ತರ ಹೇಳಲು ಹೊರಟವರಲ್ಲಿ ಮೊದಲಿಗ ಗ್ರಿಮೋ ದ ಲಾ ರೆನಿಯೇರ್ ಎಂಬ ಸಾಹುಕಾರರ ಮನೆಯ ಮಗ. ತಿಂಡಿಪೋತರಿಗಾಗಿ ಒಂದು ಪಂಚಾಂಗ ಅನ್ನಬಹುದಾದ ಪುಸ್ತಕವನ್ನು 1803ರಲ್ಲಿ ತಂದ. ಪ್ಯಾರಿಸ್‌ನ ಬೀದಿ ಸುತ್ತಿ ಎಲ್ಲಿ ಏನು ಚೆನ್ನ ಅಂತ ಬರೆದ. 1812ರವರೆಗೆ 8 ಸಂಪುಟ ಬಂದವು. ಆತ ರುಚಿ ನೋಡಲು ಒಂದು ತಂಡವನ್ನೂ ಕಟ್ಟಿದ್ದ. ಅಂಗಡಿಯವರು ತಮ್ಮ ಮಾಲನ್ನು ಅವನ ಮನೆಗೇ ಕಳಿಸಬೇಕು, ತಂಡ ತಿಂದು ತೀರ್ಪು ಕೊಡುತ್ತದೆ, ತೀರ್ಪು ಪುಸ್ತಕದಲ್ಲಿ ಅಚ್ಚಾಗುತ್ತದೆ. ಬಿಟ್ಟಿ ತಿಂದು ಹೊಗಳುತ್ತಾರೆ ಅನ್ನುವ ಮಾತು ಏಳಲು ಇನ್ನೇನು ಬೇಕು? ಎದ್ದೇ ಎದ್ದಿತು. ಈಗ ‘ಪೇಯ್ಡ್ ರಿವ್ಯೂ’ ಅಂತ ಕಾಮೆಂಟ್ ಹಾಕುತ್ತೇವಲ್ಲ, ಅದರ ಮುತ್ತಜ್ಜ ಇದು.

ನಡುವಿನ ನೂರು ವರ್ಷದಲ್ಲಿ ರೈಲು ಬಂತು, ಪ್ರವಾಸಿಗಳು ಬಂದರು, ಅವರ ಕೈಗೆ ಕೈಪಿಡಿಗಳೂ ಬಂದವು. ಆಮೇಲೆ ಕಾರು ಬಂತು. ಅಲ್ಲಿ ಕಥೆಗೆ ಒಂದು ವಿಚಿತ್ರ ತಿರುವು ಸಿಕ್ಕಿತು.

1900ರಲ್ಲಿ ಫ್ರಾನ್ಸಿನಲ್ಲಿದ್ದ ಕಾರುಗಳು 3,000ವೂ ಇಲ್ಲ. ಟೈರ್ ಮಾಡುವ ಮಿಶೆಲಿನ್ ಸಹೋದರರಿಗೆ ಜನ ಹೆಚ್ಚು ಓಡಾಡಬೇಕಿತ್ತು. ಓಡಾಡಿದರೆ ತಾನೇ ಟೈರ್ ಸವೆಯುವುದು! ಅದಕ್ಕೆ ಒಂದು ಪುಟ್ಟ ಪುಸ್ತಕ ಅಚ್ಚು ಹಾಕಿಸಿ ಪುಕ್ಕಟೆ ಹಂಚಿದರು. ಟೈರ್ ಬದಲಿಸುವುದು ಹೇಗೆ, ಪೆಟ್ರೋಲ್ ಎಲ್ಲಿ ಸಿಗುತ್ತದೆ, ಮೆಕ್ಯಾನಿಕ್ ಎಲ್ಲಿದ್ದಾನೆ, ರಾತ್ರಿ ಎಲ್ಲಿ ಮಲಗಬಹುದು. ಇಷ್ಟೇ. ರುಚಿಯ ಮಾತೇ ಇಲ್ಲ. ಒಂದು ಗ್ಯಾರೇಜಿನಲ್ಲಿ ಈ ಪುಸ್ತಕಗಳನ್ನು ಮೇಜಿನ ಕಾಲಿಗೆ ಆನಿಸಿದ್ದು ನೋಡಿ ಪುಕ್ಕಟೆ ಕೊಟ್ಟದ್ದಕ್ಕೆ ಬೆಲೆಯಿಲ್ಲ ಅನಿಸಿತಂತೆ, 1920ರಿಂದ ದುಡ್ಡು ಪಡೆಯತೊಡಗಿದರು. 1926ರಲ್ಲಿ ಒಳ್ಳೆಯ ಊಟಕ್ಕೆ ಒಂದು ಸ್ಟಾರ್ ಬಂತು, 1931ರಲ್ಲಿ ಎರಡು, ಮೂರು ಸ್ಟಾರ್. ಅವುಗಳ ಅರ್ಥವನ್ನು 1936ರಲ್ಲಿ ಅಚ್ಚು ಹಾಕಿದರು. ಒಂದು ಸ್ಟಾರ್ ಅಂದರೆ ಅದರ ಬಗೆಯಲ್ಲಿ ತುಂಬಾ ಚೆನ್ನಾಗಿದೆ. ಎರಡು ಅಂದರೆ ದಾರಿ ಬಳಸಿಯಾದರೂ ಹೋಗಿ. ಮೂರು ಅಂದರೆ ಅದಕ್ಕೆಂದೇ ಪ್ರಯಾಣ ಮಾಡಿ. ಸರಿಯಾಗಿ ನೋಡಿ, ಇದು ರುಚಿಯ ಅಳತೆ ಅಲ್ಲ, ದೂರದ ಅಳತೆ. ಅದನ್ನು ಬರೆದ ಕೈಗೆ ಟೈರಿನ ವಾಸನೆ ಇತ್ತು.

ಮಿಶೆಲಿನ್ ಗೈಡ್ ಅಂತ ಹೆಸರಾದ ಈ ಪುಸ್ತಕದ ತನಿಖೆಗಾರರು ಮಾತ್ರ ಹೆಸರು ಹೇಳದೆ ಬಂದು, ಬಿಲ್ ಕೊಟ್ಟು, ತಿಂದು ಹೋಗುವವರು. ಗ್ರಿಮೋನ ಕಾಲದ ಬಿಟ್ಟಿ ಊಟದ ತಲೆನೋವಿಗೆ ಇದೇ ಮದ್ದು. ಅಮೆರಿಕದಲ್ಲಿ ಡಂಕನ್ ಹೈನ್ಸ್ ಎಂಬ ಸೇಲ್ಸ್‌ಮನ್ ತಾನು ಊರೂರು ಸುತ್ತುವಾಗ ಬರೆದಿಟ್ಟುಕೊಂಡ ಹೋಟೆಲ್‌ಗಳ ಪಟ್ಟಿಯನ್ನು 1935ರ ಕ್ರಿಸ್‌ಮಸ್‌ಗೆ ಗೆಳೆಯರಿಗೆ ಕಳಿಸಿದ. ಮರುವರ್ಷ ಅದು ಪುಸ್ತಕವಾಯಿತು. ಕೊನೆಗೆ ಆತನ ಹೆಸರು ಕೇಕ್ ಪುಡಿಯ ಡಬ್ಬಿಯ ಮೇಲೆ ಕೂತಿತು, ಈಗ ಹೆಸರು ಕೇಳಿದವರಿಗೆ ಡಬ್ಬಿ ಮಾತ್ರ ನೆನಪಾಗುತ್ತದೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಊಟದ ವಿಭಾಗದ ಸಂಪಾದಕ ಕ್ರೇಗ್ ಕ್ಲೇಬೋರ್ನ್ 1963ರಲ್ಲಿ ಸ್ಟಾರ್ ಕೊಡುವ ಪದ್ಧತಿ ತಂದರು. ಒಂದೇ ಸಲ ತಿಂದು ಬರೆಯಬಾರದು, ಗುರುತು ಹೇಳಬಾರದು, ದುಡ್ಡು ಪತ್ರಿಕೆಯದೇ. ನನಗೆ ಕೇಳಿದರೆ ಈ 200 ವರ್ಷದಲ್ಲಿ ಹೆಚ್ಚು ನಿಯತ್ತಿನ ಕಾಲ ಇದೇ. ಆದರೆ ಒಂದು ನಾಲಿಗೆ ಇಡೀ ಊರಿನ ನಾಲಿಗೆ ಆಗುತ್ತದೆಯೇ? ಅದೇ ಪತ್ರಿಕೆಯ ರೂತ್ ರೈಕಲ್ 1993ರಲ್ಲಿ ಒಂದು ದುಬಾರಿ ಹೋಟೆಲಿಗೆ ವೇಷ ಹಾಕಿಕೊಂಡೂ ಹೋದರು, ವಿಮರ್ಶಕಿ ಅಂತ ಗುರುತು ಸಿಗುವಂತೆಯೂ ಹೋದರು. ಎರಡೂ ಊಟವನ್ನು ಅಕ್ಕಪಕ್ಕ ಇಟ್ಟು ಬರೆದರು. ಹೆಸರಿರುವವರಿಗೆ ಸಿಗುವ ಜಾಗ, ಯಾರೂ ಗುರುತಿಸದವರಿಗೆ ಸಿಗುವುದಿಲ್ಲ ಅನ್ನುವುದು ಎಲ್ಲರಿಗೂ ಕಾಣಿಸಿತು.

ಹಾಗಾದರೆ ಎಲ್ಲರನ್ನೂ ಕೇಳಿಬಿಡೋಣ ಅನ್ನುವುದು ಮುಂದಿನ ಹೆಜ್ಜೆ. 1979ರಲ್ಲಿ ನ್ಯೂಯಾರ್ಕಿನ ವಕೀಲ ದಂಪತಿ ಟಿಮ್ ಮತ್ತು ನೀನಾ ಝಗಾಟ್ ಗೆಳೆಯರಿಗೆ ಹಾಳೆ ಹಂಚಿ ಅಂಕ ಕೇಳಿದರು. ಅಡುಗೆಗೆ, ಒಳಗಿನ ಅಲಂಕಾರಕ್ಕೆ, ಬಡಿಸುವ ರೀತಿಗೆ ಬೇರೆ ಬೇರೆ ಅಂಕ. ಎಲ್ಲ ಕೂಡಿಸಿ ಸರಾಸರಿ ತೆಗೆದು 30ಕ್ಕೆ ಇಷ್ಟು ಅಂತ ಹಾಕಿದರು. ವಿಮರ್ಶಕರ ದೊಡ್ಡ ಲೇಖನದ ಜಾಗಕ್ಕೆ ಮೂರು ಅಂಕಿ ಬಂದು ಕೂತವು. ಗೂಗಲ್ 2011ರಲ್ಲಿ ಇದನ್ನು ಕೊಂಡಿತು, 2018ರಲ್ಲಿ ಮಾರಿತು. ಅಷ್ಟರೊಳಗೆ ಅಂಕಿ ಎಲ್ಲರ ಜೇಬಿಗೆ ಇಳಿದಿತ್ತು. ಹೋಟೆಲ್ ಹುಡುಕಲು ಜನ ನೋಡುವ ವೆಬ್‌ಸೈಟುಗಳು ಒಂದೊಂದಾಗಿ ಬಂದಿದ್ದವು: ಟ್ರಿಪ್‌ಅಡ್ವೈಸರ್ 2000ದಲ್ಲಿ, ಯೆಲ್ಪ್ 2004ರಲ್ಲಿ, ಈಗಿನ ಝೊಮ್ಯಾಟೊ 2008ರಲ್ಲಿ ಫುಡಿಬೇ ಅನ್ನುವ ಹೆಸರಿನಲ್ಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ನಾವೀಗ ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಯೆಲ್ಪ್‌ನಲ್ಲಿ ಸರಾಸರಿಯನ್ನು ಹತ್ತಿರದ ಅರ್ಧ ಸ್ಟಾರಿಗೆ ತಂದು ತೋರಿಸುತ್ತಿದ್ದರು. 3.24 ಬಂದವರಿಗೆ 3 ಸ್ಟಾರ್, 3.25 ಬಂದವರಿಗೆ ಮೂರೂವರೆ. ಎರಡೂ ಅಡುಗೆಮನೆಗಳ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಆದರೂ ಸ್ಯಾನ್ ಫ್ರಾನ್ಸಿಸ್ಕೋದ ಹೋಟೆಲ್‌ಗಳನ್ನು ನೋಡಿ 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಆ ಹೆಚ್ಚುವರಿ ಅರ್ಧ ಸ್ಟಾರ್ ಸಿಕ್ಕವರ ಮೇಜುಗಳು ಸಂಜೆ ಹೊತ್ತು ಬೇಗ ಭರ್ತಿಯಾಗುತ್ತಿದ್ದದ್ದು ಕಂಡುಬಂತು. ಅದಕ್ಕೂ ಹಿಂದಿನ ವರ್ಷ ಹಾರ್ವರ್ಡ್‌ನ ಮೈಕೆಲ್ ಲೂಕಾ ಸಿಯಾಟಲ್‌ನ ಲೆಕ್ಕ ತೆಗೆದಿದ್ದರು. ಒಂದು ಸ್ಟಾರ್ ಹೆಚ್ಚಾದರೆ ವ್ಯಾಪಾರ ಶೇಕಡಾ 5ರಿಂದ 9ರಷ್ಟು ಏರುತ್ತದೆ, ಅದೂ ದೊಡ್ಡ ಸರಣಿ ಹೋಟೆಲ್‌ಗಳಿಗಲ್ಲ, ಒಂಟಿಯಾಗಿ ನಡೆಯುವವಕ್ಕೆ. ಅಂದರೆ ಬ್ರ್ಯಾಂಡಿನ ಬಲ ಇಲ್ಲದ ಸಣ್ಣವರ ಹೊಟ್ಟೆಪಾಡು ಈ ಅಂಕಿಗೆ ಹೆಚ್ಚು ಜೋತುಬಿದ್ದಿದೆ. ಹಾಗಿರುವಾಗ ಅವರು ಅಡುಗೆ ನೋಡಿಕೊಳ್ಳಬೇಕೋ, ಅಂಕಿ ನೋಡಿಕೊಳ್ಳಬೇಕೋ?

ಇದರ ಉತ್ತರ ನನಗೆ ಸಿಕ್ಕಿದ್ದು ಒಂದು ಬಿಲ್ಲಿನ ಜೊತೆ. ಎರಡು ವರ್ಷದ ಹಿಂದೆ, 4.7 ನೋಡಿಕೊಂಡೇ ಒಂದು ಕಡೆ ಹೋಗಿದ್ದೆ. ಊಟ ಆರಿಹೋಗಿತ್ತು, ಹೇಳಿಕೊಳ್ಳುವಂತಿರಲಿಲ್ಲ. ಬಿಲ್ ತಂದ ಹುಡುಗ ಅದರ ಮೇಲೆ ಕ್ಯೂಆರ್ ಕೋಡ್ ಇರುವ ಕಾರ್ಡ್ ಇಟ್ಟ. ‘ಸರ್, ಒಂದು ಫೈವ್ ಸ್ಟಾರ್ ಕೊಡಿ, ನನ್ನ ಹೆಸರೂ ಹಾಕಿ’ ಅಂದ. ಹೆಸರು ಬಂದಷ್ಟೂ ಅವನಿಗೆ ತಿಂಗಳ ಕೊನೆಗೆ ಏನೋ ಸ್ವಲ್ಪ ಸಿಗುತ್ತಂತೆ. ಪಕ್ಕದಲ್ಲೇ ನಿಂತಿದ್ದ, ನನ್ನ ಮೊಬೈಲನ್ನೇ ನೋಡುತ್ತಿದ್ದ. ನಾನು ಐದೂ ಸ್ಟಾರ್ ಒತ್ತಿದೆ. ಹುಡುಗನ ಮುಖ ನೋಡಿ ಒತ್ತಿದ್ದು, ಊಟಕ್ಕಲ್ಲ. ನನ್ನ ಹಾಗೇ ಎಷ್ಟು ಜನ ಒತ್ತಿ ಆ 4.7 ಆಗಿತ್ತೋ ಏನೋ. ನನ್ನದೂ ಸೇರಿ ಅದನ್ನು ನೋಡಿಕೊಂಡು ಮಾರನೇ ದಿನ ಇನ್ಯಾರೋ ಬಂದಿರುತ್ತಾರೆ, ಅಲ್ವಾ.

ಹೀಗೆ ಎಲ್ಲರೂ ಐದೇ ಕೊಡತೊಡಗಿದ್ದರಿಂದ ಅಂಕಿಯ ಕೆಳಗಿನ ಅರ್ಧ ಸತ್ತುಹೋಗಿದೆ. ಐದಕ್ಕೆ ಮೂರೂವರೆ ಅಂದರೆ ಶಾಲೆಯಲ್ಲಿ ಫಸ್ಟ್ ಕ್ಲಾಸ್, ಇಲ್ಲಿ ಫೇಲ್. ತುಂಬಾ ಖುಷಿಯಾದವರು ಬರೆಯುತ್ತಾರೆ, ತುಂಬಾ ಸಿಟ್ಟಾದವರು ಬರೆಯುತ್ತಾರೆ, ಸುಮ್ನೆ ಊಟ ಮಾಡಿ ಕೈ ತೊಳೆದು ಮನೆಗೆ ಹೋದವರ ಮಾತು ಎಲ್ಲೂ ಇಲ್ಲ. ವಾರಕ್ಕೆ ಮೂರು ಸಲ ಅಲ್ಲೇ ತಿನ್ನುವವರು ಇವರೇ.

ಕೆಲವರು ಈ ಲೆಕ್ಕವನ್ನೇ ಆಟವಾಡಿಸಿದರು. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನ ಒಂದು ಇಟಾಲಿಯನ್ ಹೋಟೆಲ್ 2014ರಲ್ಲಿ, ನಮಗೆ ಒಂದೇ ಸ್ಟಾರ್ ಕೊಟ್ಟವರಿಗೆ ಬಿಲ್ಲಿನಲ್ಲಿ ಶೇಕಡಾ 25 ಕಡಿತ ಅಂತ ಬೋರ್ಡ್ ಹಾಕಿತು. ಜನ ನಗುತ್ತಾ ಬಂದು ಕೆಟ್ಟದಾಗಿ ಬರೆದು ಹೊಟ್ಟೆ ತುಂಬ ತಿಂದು ಹೋದರು. ಇನ್ನೂ ಮಜಾ ಲಂಡನ್‌ನಲ್ಲಿ ನಡೆಯಿತು. ಊಬಾ ಬಟ್ಲರ್ ಎಂಬ ಬರಹಗಾರ, ಹಿಂದೆ ದುಡ್ಡಿಗೆ ಸುಳ್ಳು ರಿವ್ಯೂ ಬರೆದುಕೊಟ್ಟ ಅನುಭವಸ್ಥ, 2017ರಲ್ಲಿ ತಾನು ವಾಸವಿದ್ದ ಹಿತ್ತಲಿನ ಶೆಡ್ಡನ್ನೇ ಹೋಟೆಲ್ ಅಂತ ಟ್ರಿಪ್‌ಅಡ್ವೈಸರ್‌ಗೆ ಸೇರಿಸಿದ. ಒಲೆ ಹಚ್ಚಲಿಲ್ಲ. ಶೇವಿಂಗ್ ಕ್ರೀಮಿನ ನೊರೆ, ಸ್ವಚ್ಛತೆಗೆ ಬಳಸುವ ಬ್ಲೀಚ್ ಬಿಲ್ಲೆ, ಇವನ್ನೇ ತಟ್ಟೆಯಲ್ಲಿಟ್ಟು ಫೋಟೋ ತೆಗೆದ. ಒಂದು ಫೋಟೋದಲ್ಲಿ ತಟ್ಟೆಯಲ್ಲಿದ್ದದ್ದು ಅವನದೇ ಹಿಮ್ಮಡಿ. ಗೆಳೆಯರ ಕೈಲಿ ರಿವ್ಯೂ ಬರೆಸಿದ. ಟೇಬಲ್ ಬೇಕು ಅಂತ ಕರೆ ಮಾಡಿದವರಿಗೆಲ್ಲ ಖಾಲಿ ಇಲ್ಲ ಅಂದ. ಇಲ್ಲ ಅಂದಷ್ಟೂ ಜನ ಮುಗಿಬಿದ್ದರು. ಅದೇ ನವೆಂಬರ್‌ನಲ್ಲಿ 18,000ಕ್ಕೂ ಹೆಚ್ಚು ಹೋಟೆಲ್‌ಗಳನ್ನು ಹಿಂದಿಕ್ಕಿ ಆ ಶೆಡ್ಡು ಲಂಡನ್‌ಗೇ ನಂಬರ್ ಒಂದಾಯಿತು. ಒಬ್ಬರಿಗೂ ಒಂದು ತುತ್ತೂ ಬಡಿಸದೆ.

ಅಮೆರಿಕದಲ್ಲಿ ಇದಕ್ಕೆಂದೇ ಒಂದು ನಿಯಮ ಬರುವಷ್ಟರಲ್ಲಿ ಇನ್ನೂ ಏಳು ವರ್ಷ ಹೋಯಿತು. ಸುಳ್ಳು ರಿವ್ಯೂಗಳನ್ನು ಕೊಳ್ಳುವುದು, ಮಾರುವುದು ನಿಷೇಧ ಅನ್ನುವ ಆ ನಿಯಮ ಜಾರಿಯಾದದ್ದು 2024ರ ಅಕ್ಟೋಬರಿನಲ್ಲಿ.

ಅಷ್ಟರಲ್ಲಿ ಆಟದ ಅಂಗಳವೇ ಬದಲಾಗಿತ್ತು. 2010ರಲ್ಲಿ ಇನ್‌ಸ್ಟಾಗ್ರಾಮ್ ಬಂತು. ಹೋಟೆಲಿನ ಹೆಸರಿಗಿಂತ ಒಂದು ತಟ್ಟೆಯ ಹೆಸರು ಮುಂದೆ ಬಂತು. ‘ಅಲ್ಲಿಗೆ ಹೋದರೆ ಅದನ್ನೇ ತಿನ್ನಬೇಕು.’ ಓದುವವರಿಗೆ ಇದು ಅನುಕೂಲ, ಅಡುಗೆಮನೆಯ ಒಳಗೆ ನಡೆಯುವುದು ಬೇರೆ. ಬಂದವರೆಲ್ಲ ಅದೊಂದನ್ನೇ ಕೇಳುತ್ತಾರೆ. ಅದನ್ನು ಮುಂಚೆಯೇ ರಾಶಿ ಮಾಡಿಡಬೇಕಾಗುತ್ತದೆ, ರಾಶಿ ಮಾಡಿಟ್ಟದ್ದು ಮೊದಲಿನ ಹಾಗಿರುವುದಿಲ್ಲ. ಮಿಕ್ಕ ಅಡುಗೆಗಳನ್ನು ಕೇಳುವವರಿಲ್ಲದೆ ಮೆನುವಿನಿಂದ ಒಂದೊಂದಾಗಿ ತೆಗೆಯುತ್ತಾರೆ. ಬಾಗಿಲ ಹೊರಗೆ ಸಾಲು. ಮೊದಲಿಂದ ಬರುತ್ತಿದ್ದ ಅಕ್ಕಪಕ್ಕದವರು ಒಂದೆರಡು ಸಲ ಆ ಸಾಲು ನೋಡಿ ಬೇರೆ ಕಡೆ ಹೋಗುತ್ತಾರೆ. ಮೊದಲು ಆ ಜಾಗ ಚೆನ್ನಾಗಿದೆ ಅಂದಿದ್ದವರು ಅವರೇ. ಇದರಲ್ಲಿ ತಪ್ಪು ಯಾರದು ಅಂತ ಹುಡುಕಿದರೆ ಯಾರೂ ಸಿಗುವುದಿಲ್ಲ, ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ.

ಮಿಶೆಲಿನ್‌ನ ಹಳೆಯ ಗೈಡ್ ಕೂಡ ಸುಮ್ಮನೆ ಕೂತಿಲ್ಲ. ಫ್ರಾನ್ಸ್ ಬಿಟ್ಟು ದೇಶ ದೇಶ ಸುತ್ತಿತು. 2016ರಲ್ಲಿ ಸಿಂಗಪುರದ ಎರಡು ಸಣ್ಣ ಮಳಿಗೆಗಳಿಗೂ ಸ್ಟಾರ್ ಕೊಟ್ಟಿತು, ಅಲ್ಲೂ ಮೈಲುದ್ದ ಸಾಲು ಬೆಳೆಯಿತು. ಕೆಲವು ಕಡೆ ಗೈಡ್ ತರಿಸಿಕೊಳ್ಳಲು ಪ್ರವಾಸೋದ್ಯಮ ಇಲಾಖೆಗಳೇ ದುಡ್ಡು ಕೊಡುತ್ತವೆ. ಅದರಿಂದ ಸ್ಟಾರ್ ಬದಲಾಗುವುದಿಲ್ಲ ಅಂತ ಗೈಡಿನವರ ಮಾತು. ಇರಬಹುದು. ಆದರೆ ಯಾವ ಊರಿಗೆ ಸ್ಟಾರ್ ಬರುತ್ತದೆ ಅನ್ನುವುದಂತೂ ಬದಲಾಗುತ್ತದೆ.

ಇದೆಲ್ಲ ಸಾಕು ಅಂದವರೂ ಇದ್ದಾರೆ. ಫ್ರಾನ್ಸಿನ ಲಾಗಿಯೋಲ್ ಎಂಬ ಊರಿನಲ್ಲಿ ಸೆಬಾಸ್ಟಿಯನ್ ಬ್ರಾಸ್ ನಡೆಸುವ ಹೋಟೆಲಿಗೆ ಅವರ ತಂದೆಯ ಕಾಲದಿಂದ ಮೂರು ಸ್ಟಾರ್ ಇತ್ತು. 2017ರಲ್ಲಿ ಬ್ರಾಸ್ ತಮ್ಮನ್ನು ಮುಂದಿನ ಗೈಡಿನಿಂದ ಬಿಟ್ಟುಬಿಡಿ ಅಂದರು. ತನಿಖೆಗಾರ ಯಾವತ್ತು ಬರುತ್ತಾನೋ ಗೊತ್ತಿಲ್ಲ, ಒಳಗಿನಿಂದ ಹೋಗುವ ಪ್ರತಿಯೊಂದು ತಟ್ಟೆಯೂ ಅವನದೇ ಇರಬಹುದು ಅನ್ನುವ ಒತ್ತಡ ಸಾಕಾಗಿದೆ ಅಂದರು. 2018ರ ಗೈಡಿನಲ್ಲಿ ಅವರ ಹೆಸರು ಇರಲಿಲ್ಲ. 2019ರ ಗೈಡ್ ಬಂದಾಗ ಅದರಲ್ಲಿ ಅವರ ಹೋಟೆಲ್ ಮತ್ತೆ ಇತ್ತು, ಎರಡು ಸ್ಟಾರ್ ಜೊತೆ. ಅವರೇನೂ ಕೇಳಿರಲಿಲ್ಲ.