ಯುಪಿಎಸ್ ಕೂಗಿತು, ಕಂಪ್ಯೂಟರಿಗೆ ಕೇಳಿಸಲಿಲ್ಲ

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಎರಡು ಗಂಟೆ ಸುಮಾರಿಗೆ ಕರೆಂಟ್ ಹೋಯಿತು. ಮಲೆನಾಡಿನಲ್ಲಿ ಇದೇನು ದೊಡ್ಡ ಸುದ್ದಿಯಲ್ಲ. ಎಲ್ಲೋ ಒಂದು ಅಕೇಶಿಯಾ ಮರ ತಂತಿ ಮೇಲೆ ಒರಗಿರುತ್ತದೆ, ಬೆಳಿಗ್ಗೆ ಲೈನ್‌ಮ್ಯಾನ್ ಬಂದು ಕಡಿಸುವವರೆಗೆ ಕಾಯುವುದು, ಅಷ್ಟೇ. ಮೂಲೆಯಲ್ಲಿದ್ದ ಯುಪಿಎಸ್ ತನ್ನ ಪಾಡಿಗೆ ಕೀಂಯ್ ಕೀಂಯ್ ಅಂತ ಕೂಗಿದೆ. ನನಗೆ ಒಳ್ಳೆ ನಿದ್ದೆ. ಅಮ್ಮನಿಗೆ ಎಚ್ಚರವಾಗಿತ್ತಂತೆ. "ಜೀರುಂಡೆ ಅಂದ್ಕೊಂಡು ಮಗ್ಗುಲು ಬದಲಾಯಿಸಿದೆ ಮಾರಾಯ" ಅಂದರು ಬೆಳಿಗ್ಗೆ. ಇಪ್ಪತ್ತು ನಿಮಿಷ ಕೂಗಿ, ಬ್ಯಾಟರಿ ಖಾಲಿಯಾಗಿ ಯುಪಿಎಸ್ ಸುಮ್ಮನಾಯಿತು. ಅದರ ಜೊತೆಗೆ ಮನೆಯವರ ಫೋಟೋ, ಅಣ್ಣನ ಅಡಿಕೆ ವ್ಯಾಪಾರದ ಲೆಕ್ಕ ಎಲ್ಲ ಇಟ್ಟುಕೊಂಡು ಹಗಲೂ ರಾತ್ರಿ ಓಡುವ ಪುಟ್ಟ ಕಂಪ್ಯೂಟರೂ ದಬಕ್ಕನೆ ಆಫ್ ಆಯಿತು.

ಬರೆಯುತ್ತಿದ್ದ ಫೈಲು ಅರ್ಧಕ್ಕೇ ನಿಂತಿತ್ತು. ಡಿಸ್ಕ್ ಸರಿ ಮಾಡಲು ಅರ್ಧ ದಿನ ಹಿಡಿಯಿತು. ಲೆಕ್ಕದ ಒಂದು ಹಾಳೆ ಸಿಗಲೇ ಇಲ್ಲ, ಅಣ್ಣ ಈಗಲೂ ಅದನ್ನು ಎತ್ತಿ ಆಡುತ್ತಾನೆ. ನನಗೆ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಯುಪಿಎಸ್ಸಿನಿಂದ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ ಹಾಕಿಯೇ ಇತ್ತು. ಮೂರು ವರ್ಷದಿಂದ.

ಕೇಬಲ್ ಹಾಕಿದ್ದೇವೆ, ಮುಗಿಯಿತು ಅಂದುಕೊಂಡಿದ್ದೇ ತಪ್ಪು. ಯುಪಿಎಸ್ಸಿಗೆ ಇರುವುದು ಒಂದಲ್ಲ, ಎರಡು ಕೆಲಸ. ಕರೆಂಟ್ ಹೋದಾಗ ಬ್ಯಾಟರಿಯಿಂದ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಸಾಕುವುದು ಮೊದಲನೆಯದು. "ನನ್ನ ಕೈಯಲ್ಲಿ ಇನ್ನು ಜಾಸ್ತಿ ಹೊತ್ತು ಆಗಲ್ಲ, ನೀನು ಎಲ್ಲ ಮುಚ್ಚಿಟ್ಟು ಮಲಗು" ಅಂತ ಕಂಪ್ಯೂಟರಿಗೆ ಹೇಳುವುದು ಎರಡನೆಯದು. ಮೊದಲನೆಯದಕ್ಕೆ ದಪ್ಪ ವೈರು ಸಾಕು. ಎರಡನೆಯದಕ್ಕೆ ತೆಳು ವೈರು ಬೇಕು, ಇಬ್ಬರಿಗೂ ಗೊತ್ತಿರುವ ಭಾಷೆ ಬೇಕು, ಮತ್ತೆ ಕಂಪ್ಯೂಟರಿನ ಒಳಗೆ ಆ ಮಾತು ಕೇಳಿಸಿಕೊಳ್ಳುವವರು ಯಾರಾದರೂ ಕೂತಿರಬೇಕು. ಇದರಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಏನೂ ಕಾಣುವುದಿಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ.

ಹಾಗಾದರೆ ಇವೆರಡರ ಮಧ್ಯೆ ಮಾತು ಅಂದರೆ ಏನು? ನೋಡಿದರೆ ನಗು ಬರುವಷ್ಟು ಸರಳ. ನಮ್ಮಲ್ಲಿ ಸಿಗುವ ಕಡಿಮೆ ಬೆಲೆಯ ಯುಪಿಎಸ್‌ಗಳಲ್ಲಿ ಬಹಳಷ್ಟು ಮೆಗಾಟೆಕ್ ಅನ್ನುವ ಹಳೆಯ ಭಾಷೆಯನ್ನೋ ಅದರ ತಮ್ಮ ತಂಗಿಯರನ್ನೋ ಆಡುತ್ತವೆ. ಕಂಪ್ಯೂಟರ್ ಎರಡೇ ಅಕ್ಷರ ಕಳಿಸುತ್ತದೆ: ಕ್ಯೂ ಮತ್ತು 1. ಹಿಂದೆ ಒಂದು ಎಂಟರ್. ಯುಪಿಎಸ್ಸಿನಿಂದ ಇಂಥದ್ದೊಂದು ಸಾಲು ವಾಪಸ್ ಬರುತ್ತದೆ:

(228.4 228.4 229.8 014 50.0 13.6 30.0 00001001

ಮೊದಲನೆಯದು ಗೋಡೆಯಿಂದ ಬರುತ್ತಿರುವ ವೋಲ್ಟೇಜು. ಮೂರನೆಯದು ಕಂಪ್ಯೂಟರಿಗೆ ಕೊಡುತ್ತಿರುವುದು. 014 ಅಂದರೆ ಲೋಡು ನೂರಕ್ಕೆ ಹದಿನಾಲ್ಕು. 50.0 ನಮ್ಮ ದೇಶದ ಕರೆಂಟಿನ ಹರ್ಟ್ಜ್, 13.6 ಬ್ಯಾಟರಿಯ ವೋಲ್ಟು, ಆಮೇಲೆ ಉಷ್ಣತೆ. ಕೊನೆಯ ಎಂಟು ಅಂಕಿಗಳಲ್ಲಿ ಒಂದೊಂದೂ ಒಂದೊಂದು ಪ್ರಶ್ನೆಗೆ ಹೌದು, ಅಲ್ಲ ಅನ್ನುವ ಉತ್ತರ. ಎಡತುದಿಯದು ಕರೆಂಟ್ ಹೋಗಿದೆಯಾ ಅಂತ. ಅದರ ಪಕ್ಕದ್ದು ಬ್ಯಾಟರಿ ಮುಗಿಯುತ್ತಾ ಬಂತಾ ಅಂತ. ಬಲತುದಿಯ 1 ಅಂದರೆ ಕೂಗುವ ಬೀಪರ್ ಚಾಲೂ ಇದೆ ಅಂತ. ಗೋಡೆಯ ಸ್ವಿಚ್ ಆರಿಸಿ ಇನ್ನೊಮ್ಮೆ ಕೇಳಿದರೆ ಎಡತುದಿಯ ಸೊನ್ನೆ 1 ಆಗಿರುತ್ತದೆ. ಆ ರಾತ್ರಿ ನಮ್ಮನೆಗೆ ಬೇಕಾಗಿದ್ದದ್ದು ಈ ಒಂದು ಅಂಕಿ, ಅಷ್ಟೇ.

ಇಡೀ ಸಾಲು ಎಂಟರ್ ಸೇರಿ 47 ಅಕ್ಷರ. ಹೋಗುವ ವೇಗ ಸೆಕೆಂಡಿಗೆ 2400 ಬಿಟ್. ಒಂದು ಅಕ್ಷರಕ್ಕೆ ಹತ್ತು ಬಿಟ್ ಲೆಕ್ಕ ಹಾಕಿದರೆ ಸೆಕೆಂಡಿನ ಐದನೇ ಒಂದು ಭಾಗದಲ್ಲಿ ಮಾತು ಮುಗಿಯುತ್ತದೆ. ಇವತ್ತಿನ ಲೆಕ್ಕದಲ್ಲಿ ಇದು ಎತ್ತಿನ ಗಾಡಿ. ಆದರೆ ಹೇಳಬೇಕಾದದ್ದೂ ಇಷ್ಟೇ ತಾನೆ, ಯಾಕೆ ಬದಲಾಯಿಸಬೇಕು ಅಂತ ಹಾಗೇ ಉಳಿದುಕೊಂಡಿದೆ. ಎಪಿಸಿ ಅನ್ನುವ ಕಂಪನಿಯ ಹಳೆ ಸ್ಮಾರ್ಟ್ ಯುಪಿಎಸ್‌ಗಳ ಭಾಷೆ ಇನ್ನೂ ಚಿಕ್ಕದು. ದೊಡ್ಡಕ್ಷರದ ಒಂದು ವೈ ಕಳಿಸಿದರೆ ಎಸ್ಎಂ ಅಂತ ಎರಡಕ್ಷರ ಬರುತ್ತದೆ, ಬಂತು ಅಂದರೆ ಪರಿಚಯ ಆಯಿತು ಅಂತ ಅರ್ಥ.

ಆಮೇಲೆ ಯುಎಸ್‌ಬಿ ಬಂತು. ಯುಎಸ್‌ಬಿ ನಿಯಮ ಮಾಡುವವರು 1997ರಲ್ಲಿ ಯುಪಿಎಸ್‌ಗಳಿಗೂ ಒಂದು ಸಾಮಾನ್ಯ ಭಾಷೆ ಬರೆದಿಟ್ಟರು. ಕೀಬೋರ್ಡು, ಮೌಸುಗಳನ್ನು ಇಟ್ಟಿದ್ದಾರಲ್ಲ ಎಚ್ಐಡಿ ಅನ್ನುವ ಗುಂಪು, ಅದರೊಳಗೇ ಯುಪಿಎಸ್ಸಿಗೂ ಜಾಗ ಕೊಟ್ಟರು. ಅಂಥ ಯುಪಿಎಸ್ ಚುಚ್ಚಿದರೆ ವಿಂಡೋಸ್ ಯಾವ ಸಾಫ್ಟ್‌ವೇರೂ ಕೇಳದೆ, ಲ್ಯಾಪ್‌ಟಾಪಿನಲ್ಲಿ ಇರುವ ಹಾಗೆ ಗಡಿಯಾರದ ಪಕ್ಕ ಒಂದು ಬ್ಯಾಟರಿ ಚಿತ್ರ ತೋರಿಸುತ್ತದೆ. ನಿಮ್ಮದರಲ್ಲಿ ಅದು ಬಂದಿದ್ದರೆ ಅರ್ಧ ಕೆಲಸ ಆದ ಹಾಗೆ. ಬರದಿದ್ದರೆ ಯುಪಿಎಸ್ ಕೆಟ್ಟಿದೆ ಅಂತಲ್ಲ. ಅದು ಆ ಗುಂಪಿನದಲ್ಲದೆ ಇರಬಹುದು.

ನನ್ನದು ಆ ಗುಂಪಿನದಲ್ಲ ಅಂತ ಗೊತ್ತಾಗಲು ನನಗೆ ಒಂದು ಭಾನುವಾರ ಬೇಕಾಯಿತು. ನಮ್ಮ ಕಂಪ್ಯೂಟರಿನಲ್ಲಿ ಇರುವುದು ವಿಂಡೋಸ್ ಅಲ್ಲ, ಅದರ ಜಾಗದಲ್ಲಿ ಓಡುವ ಲಿನಕ್ಸ್. ಹಾಕಿಕೊಂಡದ್ದು ನೆಟ್‌ವರ್ಕ್ ಯುಪಿಎಸ್ ಟೂಲ್ಸ್, ಚಿಕ್ಕದಾಗಿ ನಟ್. ಇದು ನೂರಕ್ಕೂ ಹೆಚ್ಚು ಕಂಪನಿಗಳ ಯುಪಿಎಸ್ ಭಾಷೆ ಕಲಿತಿರುವ ಬಿಟ್ಟಿ ಸಾಫ್ಟ್‌ವೇರು. ಯುಎಸ್‌ಬಿ ಕೇಬಲ್ ಇದೆಯಲ್ಲಾ ಅಂತ ನಾನು ನಟ್ ಸೆಟ್ಟಿಂಗಿನಲ್ಲಿ ಸೀದಾ ಎಚ್ಐಡಿ ಡ್ರೈವರಿನ, ಅಂದರೆ ಆ ಭಾಷೆ ಬರುವ ಪುಟ್ಟ ಸಾಫ್ಟ್‌ವೇರಿನ, ಹೆಸರು ಬರೆದೆ. ಅದು ಯುಪಿಎಸ್ಸೇ ಇಲ್ಲ ಅಂತು. ಕಣ್ಣೆದುರು ಕೂತಿದೆ, ಇಲ್ಲ ಅಂದರೆ ಏನು ಮಾಡುವುದು?

ಇಲ್ಲಿ ಒಂದು ಮಾತು. ಇಂಥ ಹೊತ್ತಲ್ಲಿ ಕೈ ತಾನಾಗಿಯೇ ಎಲ್ಲ ಕಡೆ ಓಡುತ್ತದೆ. ಕೇಬಲ್ ಬದಲಾಯಿಸಿ, ಸಾಫ್ಟ್‌ವೇರ್ ತೆಗೆದು ಹಾಕಿ, ರೀಸ್ಟಾರ್ಟ್ ಮಾಡಿ, ಕೊನೆಗೆ ಒಂದು ವೇಳೆ ಸರಿಹೋದರೂ ಯಾವುದರಿಂದ ಸರಿಹೋಯಿತು ಗೊತ್ತಾಗುವುದಿಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ಟ್ಯಾಂಕಿನಿಂದ ಕೆಳಗೆ ನೋಡುತ್ತಾ ಬರುತ್ತೇವಲ್ಲ, ಹಾಗೆ ತಂತಿಯ ತುದಿಯಿಂದ ಶುರು ಮಾಡಬೇಕು.

ಮೊದಲು ತಂತಿ. ಯುಪಿಎಸ್ಸಿನ ಹಿಂದೆ ಇರುವ ತೂತು ನೋಡಿ ಮೋಸ ಹೋಗಬಾರದು. ಎಪಿಸಿಯ ಎಷ್ಟೋ ಯುಪಿಎಸ್‌ಗಳಲ್ಲಿ ಇಂಟರ್ನೆಟ್ ಕೇಬಲಿನದೇ ಅನ್ನಿಸುವ ಪೋರ್ಟ್ ಇರುತ್ತದೆ, ಆದರೆ ಅದರಲ್ಲಿ ಎಂಟಲ್ಲ, ಹತ್ತು ಪಿನ್. ಅದಕ್ಕೆ ಅದರದೇ ಕೇಬಲ್ ಬೇಕು, ಕಳೆದುಹೋದರೆ ಅಂಗಡಿಯಲ್ಲಿ ಸಿಗುವ ಮಾಮೂಲಿ ಕೇಬಲ್ ಕೆಲಸಕ್ಕೆ ಬರಲ್ಲ. ಕೆಲವು ಯುಪಿಎಸ್‌ಗಳಲ್ಲಿ ನಿಜವಾದ ಇಂಟರ್ನೆಟ್ ಪೋರ್ಟೂ ಎರಡಿರುತ್ತವೆ, ಅವು ಸಿಡಿಲಿನ ಹೊಡೆತದಿಂದ ಮೋಡೆಮ್ ಉಳಿಸಲಿಕ್ಕೆ, ಮಾತಿಗಲ್ಲ. ಹಳೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟಿನದು ಇನ್ನೊಂದು ಕಥೆ. ಎಪಿಸಿ ಸ್ಮಾರ್ಟ್ ಯುಪಿಎಸ್‌ಗಳಲ್ಲಿ ಆ ಪಿನ್ನುಗಳ ಜೋಡಣೆಯೇ ಬೇರೆ, ಮಾಮೂಲಿ ಸೀರಿಯಲ್ ಕೇಬಲ್ ಚುಚ್ಚಿದರೆ ಯುಪಿಎಸ್ ಅದನ್ನು ಆಫ್ ಆಗು ಅನ್ನುವ ಸೂಚನೆ ಅಂತ ತಿಳಿದು ಅಲ್ಲೇ ಕರೆಂಟ್ ಕಡಿದುಬಿಡಬಹುದು. ಸರಿ ಮಾಡಲು ಹೋಗಿ ಓಡುತ್ತಿದ್ದ ಸರ್ವರ್ ಬೀಳಿಸಿದವರು ಇದ್ದಾರೆ.

ಎರಡನೆಯದು, ಕಂಪ್ಯೂಟರಿಗೆ ಏನಾದರೂ ಕಾಣುತ್ತಿದೆಯಾ ಅಂತ. ಯುಎಸ್‌ಬಿಗೆ ಚುಚ್ಚಿದ ಪ್ರತಿಯೊಂದು ವಸ್ತುವೂ ತನ್ನ ನಂಬರ್ ಹೇಳಿಕೊಳ್ಳುತ್ತದೆ, ಮೊದಲರ್ಧ ಕಂಪನಿಯದು, ಎರಡನೆಯರ್ಧ ವಸ್ತುವಿನದು. ಲಿನಕ್ಸಿನಲ್ಲಿ ಯುಎಸ್‌ಬಿ ಪಟ್ಟಿ ತೆಗೆದೆ. 0665:5161 ಅಂತ ಒಂದು ಸಾಲು.   ಅಲ್ಲಿಗೆ ತಂತಿಯ ಮೇಲಿನ ಅನುಮಾನ ಮುಗಿಯಿತು. ಹೆಸರಿನ ಜಾಗದಲ್ಲಿ ಮಾತ್ರ ಯುಪಿಎಸ್ ಕಂಪನಿ ಇಲ್ಲ, ಸೈಪ್ರೆಸ್ ಯುಎಸ್‌ಬಿ ಟು ಸೀರಿಯಲ್ ಅಂತ ಇದೆ. ಗುಟ್ಟು ಬಯಲಾದದ್ದು ಇಲ್ಲೇ. ಹೊರಗೆ ಯುಎಸ್‌ಬಿ, ಒಳಗೆ ಅದೇ ಹಳೆ 2400ರ ಎತ್ತಿನ ಗಾಡಿ, ಮಧ್ಯದಲ್ಲಿ ಒಂದು ಚಿಪ್ ದುಭಾಷಿ. ಡಬ್ಬದ ಮೇಲೆ ಯಾವ ಹೆಸರು ಇದ್ದರೂ ಈ ನಂಬರು ಬೇಕಾದಷ್ಟು ಯುಪಿಎಸ್‌ಗಳಲ್ಲಿ ಸಿಗುತ್ತದೆ.

ಡ್ರೈವರಿನ ಸಾಲು ಅಳಿಸಿ ಮೆಗಾಟೆಕ್ ಭಾಷೆ ಬರುವ ಡ್ರೈವರಿನ ಹೆಸರು ಬರೆದೆ. ಈಗ ಬೇರೆ ತಕರಾರು, ಅನುಮತಿ ಇಲ್ಲ ಅಂತ. ಇದು ಲಿನಕ್ಸಿನಲ್ಲಿ ಎಲ್ಲರೂ ಒಮ್ಮೆ ಎಡವುವ ಕಲ್ಲು. ನಟ್ ಓಡುವುದು ಅಧಿಕಾರ ಕಡಿಮೆ ಇರುವ ತನ್ನದೇ ಬಳಕೆದಾರನ ಹೆಸರಲ್ಲಿ. ಆ ಯುಎಸ್‌ಬಿ ವಸ್ತುವನ್ನು ಅವನು ಮುಟ್ಟಬಹುದು ಅನ್ನುವ ನಿಯಮ ಸಾಫ್ಟ್‌ವೇರ್ ಜೊತೆಗೇ ಬಂದಿರುತ್ತದೆ, ಆದರೆ ನಿಯಮ ಜಾರಿಯಾಗುವುದು ವಸ್ತುವನ್ನು ಚುಚ್ಚುವ ಕ್ಷಣದಲ್ಲಿ. ನನ್ನ ಕೇಬಲ್ ಮೂರು ವರ್ಷದಿಂದ ಚುಚ್ಚಿಯೇ ಇತ್ತಲ್ಲ! ಕಿತ್ತು ಮತ್ತೆ ಹಾಕಿದೆ. ಪರದೆ ಮೇಲೆ ವೋಲ್ಟೇಜು 228 ಅಂತ ಬಂತು. ಒಂದು ಲೋಟ ಕಾಫಿ ಕುಡಿದೆ.

ವಾಪಸ್ ಬರುವಷ್ಟರಲ್ಲಿ ಮತ್ತೆ ಇಲ್ಲ. "ಡೇಟಾ ಸ್ಟೇಲ್" ಅಂತ ಸಂದೇಶ. ಸ್ಟೇಲ್ ಅಂದರೆ ಹಳಸಿದ್ದು, ರಾತ್ರಿಯ ಸಾರಿನ ಹಾಗೆ. ನಟ್ ಎರಡು ಸೆಕೆಂಡಿಗೊಮ್ಮೆ ಯುಪಿಎಸ್ಸನ್ನು ಕೇಳುತ್ತಿರುತ್ತದೆ, ಹದಿನೈದು ಸೆಕೆಂಡು ಹೊಸ ಉತ್ತರ ಬರದಿದ್ದರೆ ಕೈಯಲ್ಲಿರುವುದು ಹಳಸಿತು ಅಂತ ಘೋಷಿಸುತ್ತದೆ. ಸ್ವಲ್ಪ ಹೊತ್ತು ಸರಿಯಿದ್ದು ಆಮೇಲೆ ಕಾಣೆಯಾಗುವ ಈ ರೋಗ ಇದೆಯಲ್ಲ, ಇದೇ ಜಾಸ್ತಿ ಕಾಡುವುದು. ಯಾಕೆಂದರೆ ನೀವು ನೋಡಿದಾಗೆಲ್ಲ ಸರಿಯಿರುತ್ತದೆ. ಕಾರಣ ಹಲವು. ಒಂದೇ ಯುಪಿಎಸ್ಸಿಗೆ ಎರಡು ಸಾಫ್ಟ್‌ವೇರ್ ಜಗ್ಗಾಡುತ್ತಿರಬಹುದು, ಕೇಬಲ್ ಉದ್ದ ಜಾಸ್ತಿ ಇರಬಹುದು, ಕರೆಂಟ್ ಉಳಿಸಲು ಅಂತ ಕಂಪ್ಯೂಟರೇ ಯುಎಸ್‌ಬಿ ಪೋರ್ಟನ್ನು ಮಲಗಿಸುತ್ತಿರಬಹುದು. ನನ್ನದರಲ್ಲಿ ಕೇಬಲ್ ಒಂದು ಯುಎಸ್‌ಬಿ ಹಬ್ಬಿನ ಮೂಲಕ ಹೋಗಿತ್ತು. ಹಬ್ ತೆಗೆದು ಕಂಪ್ಯೂಟರಿನ ಹಿಂದಿನ ಪೋರ್ಟಿಗೆ ನೇರ ಹಾಕಿ, ಆ ಪೋರ್ಟು ಮಲಗದ ಹಾಗೆ ಮಾಡಿದೆ. ಎರಡನ್ನೂ ಒಟ್ಟಿಗೇ ಮಾಡಿದ್ದರಿಂದ ಯಾವುದು ಕಾರಣ ಅಂತ ಇವತ್ತಿಗೂ ಹೇಳಲಾರೆ. ಮೇಲೆ ಬೋಧನೆ ಮಾಡಿದ್ದು ನಾನೇ, ಗೊತ್ತು.

ಮಾತು ಶುರುವಾದ ಮೇಲೆ ಪರೀಕ್ಷೆ. ಪರೀಕ್ಷೆಗೆ ಕಂಪ್ಯೂಟರನ್ನು ಯುಪಿಎಸ್ಸಿನಿಂದ ತೆಗೆದು ಬೇರೆ ಪ್ಲಗ್ಗಿಗೆ ಹಾಕಿ, ಯುಪಿಎಸ್ಸಿಗೆ ಅಟ್ಟದ ಮೇಲಿದ್ದ ಹಳೆ 60 ವ್ಯಾಟಿನ ಬಲ್ಬು ಹಾಕಿದೆ. ತಪ್ಪಾದರೆ ಬಲ್ಬು ಆರುತ್ತದೆ, ಅಷ್ಟೇ. ಗೋಡೆಯ ಸ್ವಿಚ್ ಆರಿಸಬೇಕು, ಪ್ಲಗ್ ಕೀಳಬಾರದು. ಕಿತ್ತರೆ ಅರ್ಥಿಂಗೂ ಹೋಗುತ್ತದೆ, ಸ್ವಿಚ್ ಆರಿಸಿದರೆ ಅರ್ಥಿಂಗ್ ಹಾಗೇ ಇರುತ್ತದೆ.

ಬಲ್ಬಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತೆ. 13.6 ಇದ್ದ ಬ್ಯಾಟರಿ ತಕ್ಷಣ 12.3ಕ್ಕೆ ಇಳಿಯಿತು. ಆಮೇಲೆ ನಿಧಾನಕ್ಕೆ 11.9, 11.6, 11.2. ಆಮೇಲೆ ಒಂದೇ ಉಸಿರಿಗೆ ಕೆಳಗೆ ಬಿದ್ದು ಬಲ್ಬು ಆರಿತು. ಬ್ಯಾಟರಿ ಮುಗಿಯುತ್ತಿದೆ ಅನ್ನುವ ಎರಡನೇ ಅಂಕಿ 1 ಆಗಲೇ ಇಲ್ಲ! ಆಗಿದ್ದರೂ ನಟ್ ಕೇಳುವಷ್ಟು ಹೊತ್ತು ಕೊಡಲಿಲ್ಲ. ಮಾತು ಸರಿಯಿದ್ದರೂ ಆಡುವವನಿಗೇ ತನ್ನ ಆರೋಗ್ಯ ಗೊತ್ತಿಲ್ಲ.

ಇದು ಹಳೆ ಬ್ಯಾಟರಿಯ ಗುಣ. ಒಳಗಿರುವುದು 12 ವೋಲ್ಟ್ 7 ಆಂಪಿಯರ್ ಅವರ್‌ನ ಸೀಸದ ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಅವರ್, ನಮ್ಮ ಕಂಪ್ಯೂಟರು ಎಳೆಯುವ 50 ವ್ಯಾಟಿಗೆ ಕಾಗದದ ಮೇಲೆ ಒಂದೂವರೆ ಗಂಟೆಯ ಮೇಲೇ ಬರಬೇಕು. ಬರಲ್ಲ. ಆ 7 ಅನ್ನುವುದು ಇಪ್ಪತ್ತು ಗಂಟೆ ಹೊತ್ತು ಸ್ವಲ್ಪ ಸ್ವಲ್ಪವೇ ಎಳೆದು ಅಳೆದ ಲೆಕ್ಕ, ಅಂದರೆ ಮೂರನೇ ಒಂದು ಆಂಪಿಯರಿನ ಆಸುಪಾಸು. ನಾವು ಎಳೆಯುವುದು ನಾಲ್ಕೈದು ಆಂಪಿಯರ್. ಹೊಸದರಲ್ಲೇ ಅರ್ಧ ಸಿಕ್ಕರೆ ಪುಣ್ಯ, ಮೂರು ವರ್ಷದ್ದರಲ್ಲಿ ಇನ್ನೂ ಕಡಿಮೆ. ಪರದೆ ಮೇಲೆ ಬ್ಯಾಟರಿ ನೂರಕ್ಕೆ ಎಪ್ಪತ್ತು ಅಂತ ಕಂಡರೆ ಅದನ್ನೂ ನಂಬಬೇಡಿ. ಮೇಲಿನ ಕ್ಯೂ 1 ಸಾಲಿನಲ್ಲಿ ಶೇಕಡಾ ಲೆಕ್ಕ ಎಲ್ಲೂ ಇಲ್ಲ, ನೋಡಿದಿರಲ್ಲ? ಡ್ರೈವರೇ 10.4 ವೋಲ್ಟ್ ಅಂದರೆ ಸೊನ್ನೆ, 13 ಅಂದರೆ ನೂರು ಅಂತ ಇಟ್ಟುಕೊಂಡು ಅಂದಾಜು ಹೇಳುತ್ತಿರುತ್ತದೆ.

ಹಾಗಾಗಿ ಬ್ಯಾಟರಿಯ ಮಾತಿಗೆ ಕಾಯುವುದು ಬಿಟ್ಟೆ. ಕರೆಂಟ್ ಹೋಗಿ ಮೂರು ನಿಮಿಷ ಆಯಿತಾ, ಶಟ್‌ಡೌನ್. ಹೊಸ ಬ್ಯಾಟರಿ ಹಾಕಿದ ಮೇಲೂ ಇದನ್ನೇ ಉಳಿಸಿಕೊಂಡಿದ್ದೇನೆ.

ಇನ್ನೊಂದು ಸಣ್ಣ ಕೊಕ್ಕೆ ಇತ್ತು. ಕಂಪ್ಯೂಟರ್ ಶಟ್‌ಡೌನ್ ಆಯಿತು, ಅಷ್ಟರಲ್ಲಿ ಕರೆಂಟ್ ಬಂತು ಅಂದುಕೊಳ್ಳಿ. ಕರೆಂಟ್ ಬಂದಾಗ ತಾನೇ ಶುರುವಾಗು ಅಂತ ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳಿರುವ ಬಯೋಸ್‌ನಲ್ಲಿ ಹೇಳಿಟ್ಟಿದ್ದರೂ ಕಂಪ್ಯೂಟರ್ ಏಳುವುದಿಲ್ಲ. ಅದರ ಪಾಲಿಗೆ ಕರೆಂಟ್ ಹೋಗಿಯೇ ಇಲ್ಲವಲ್ಲ, ಯುಪಿಎಸ್ ಕೊಡುತ್ತಲೇ ಇತ್ತು. ಅದಕ್ಕೇ ಕಂಪ್ಯೂಟರು ಮಲಗುವ ಮುಂಚೆ ಕೊನೆಯ ಮಾತು ಒಂದು ಹೇಳಿ ಹೋಗಬೇಕು: ಎಸ್.5ಆರ್0003. ಅರ್ಧ ನಿಮಿಷ ಬಿಟ್ಟು ನನಗೆ ಕೊಡುವುದನ್ನು ನಿಲ್ಲಿಸು, ಮೂರು ನಿಮಿಷ ಆದ ಮೇಲೆ, ಗೋಡೆಯಲ್ಲಿ ಕರೆಂಟ್ ಇದ್ದರೆ ಮತ್ತೆ ಕೊಡು. ಇದನ್ನೂ ಬಲ್ಬು ಹಾಕಿಯೇ ನೋಡಿದೆ. ಆರಿತು, ಮೂರು ನಿಮಿಷಕ್ಕೆ ಹತ್ತಿತು.

ಮೊನ್ನೆ ರಾತ್ರಿ ಮತ್ತೆ ಕರೆಂಟ್ ಹೋಯಿತು. ಬೆಳಿಗ್ಗೆ ಲಾಗ್ ತೆಗೆದು ನೋಡಿದರೆ 1.42ಕ್ಕೆ ಹೋಗಿದೆ, 1.45ಕ್ಕೆ ಕಂಪ್ಯೂಟರ್ ತಾನಾಗಿ ಶಟ್‌ಡೌನ್ ಆಗಿದೆ, 5.10ಕ್ಕೆ ಎದ್ದಿದೆ. ಅಮ್ಮನನ್ನು ಕೇಳಿದೆ, ಎಚ್ಚರ ಆಗಿತ್ತಾ ಅಂತ.

"ಆಗಿತ್ತು. ಯಾಕೋ ಜೀರುಂಡೆ ಬೇಗ ನಿಲ್ಲಿಸ್ತು" ಅಂದರು.