ಹುಕ್ಕು ಎಲ್ಲಿರಬೇಕು?

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ, ಮಹಾಲಿಂಗಪುರದ ರಸ್ತೆಗಳೆಲ್ಲ ಟ್ರ್ಯಾಕ್ಟರ್‌ಗಳದ್ದೇ. ಮುಂದೆ ಒಂದು ಇಂಜಿನ್, ಹಿಂದೆ ಎರಡು ಟ್ರೇಲರ್, ಜೊತೆಗೆ ಊರಿಗೆಲ್ಲ ಕೇಳುವ ಹಾಡು. ಎರೆ ಹೊಲದಿಂದ ಡಾಂಬರ್ ರಸ್ತೆಗೆ ಹತ್ತುವ ಜಾಗದಲ್ಲಿ ಸ್ವಲ್ಪ ನಿಂತು ನೋಡಿ. ಡ್ರೈವರ್ ಕ್ಲಚ್ ಬಿಡುತ್ತಿದ್ದಂತೆ ಮುಂದಿನ ಗಾಲಿಗಳು ಗೇಣುದ್ದ ಮೇಲೇಳುತ್ತವೆ. ಇಬ್ಬರು ಹುಡುಗರು ಓಡಿಬಂದು ಮುಂದಿನ ಬಂಪರ್ ಹತ್ತಿ ಕೂರುತ್ತಾರೆ. ಗಾಲಿ ನೆಲಕ್ಕಿಳಿಯುತ್ತದೆ, ಎಲ್ಲರೂ ನಗುತ್ತಾರೆ. ಕಾಲು ಜಾರಿದರೆ ಆ ಹುಡುಗರು ಬೀಳುವುದು ಅದೇ ಗಾಲಿಯ ಕೆಳಗೆ!

ಯಾಕೆ ಹೀಗೆ ಅಂತ ಕೇಳಿದರೆ 'ಲೋಡ್ ಜಾಸ್ತಿ ಆಗ್ಯದ' ಎನ್ನುತ್ತಾರೆ. ಅದೂ ನಿಜ. ಆದರೆ ಅಷ್ಟೇ ಲೋಡನ್ನು ಗಾಲಿ ಏಳದಂತೆ ಎಳೆಯಲೂ ಬರುತ್ತದೆ. ಅದು ಟ್ರೇಲರ್ ಸಿಕ್ಕಿಸುವ ಹುಕ್ಕು ಇರುವ ಜಾಗದ ಮೇಲೆ ನಿಂತಿದೆ.

ಒಂದು ಲೆಕ್ಕ ಹಾಕೋಣ. ಟ್ರ್ಯಾಕ್ಟರ್ ತೂಕ 2,000 ಕೆಜಿ, ಅದರಲ್ಲಿ 700 ಕೆಜಿ ಮುಂದಿನ ಗಾಲಿಗಳ ಮೇಲಿದೆ ಎನ್ನಿ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 2 ಮೀಟರ್ ಅಂತರ. ಮೆತ್ತನೆ ನೆಲದಿಂದ ಟ್ರೇಲರ್ ಕೀಳಲು 1,000 ಕೆಜಿಯಷ್ಟು ಎಳೆತ ಬೇಕು. ಹುಕ್ಕು ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದ್ದರೆ, ಈ ಎಳೆತ ಮುಂದಿನ ಗಾಲಿಗಳಿಂದ 250 ಕೆಜಿ ಭಾರ ಕದಿಯುತ್ತದೆ. ಎಳೆತವನ್ನು ಎತ್ತರದಿಂದ ಗುಣಿಸಿ, ಗಾಲಿಗಳ ಅಂತರದಿಂದ ಭಾಗಿಸಿದರೆ ಆಯಿತು. ಇನ್ನು ಎರಡು ಗಾಲಿಯ ಟ್ರೇಲರ್ ತನ್ನ ಮೂತಿಯ ಭಾರವನ್ನೂ ಹುಕ್ಕಿನ ಮೇಲೆ ಹಾಕುತ್ತದೆ. ಅದು 1,000 ಕೆಜಿ ಇದ್ದು, ಹುಕ್ಕು ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದಿದ್ದರೆ ಮತ್ತೆ 300 ಕೆಜಿ ಹೋಯಿತು. ಮುಂದೆ ಉಳಿದದ್ದು 150 ಕೆಜಿ. ಸ್ಟೇರಿಂಗ್ ತೀರಾ ಹಗುರ, ಆದರೂ ಗಾಲಿ ನೆಲದ ಮೇಲಿದೆ.

ಈಗ ಬದುವಿಗೆ ತಾಗಬಾರದೆಂದು ಹುಕ್ಕನ್ನು 90 ಸೆಂಟಿಮೀಟರ್‌ಗೆ ಏರಿಸಿದಿರಿ. ಎಳೆತವೊಂದೇ 450 ಕೆಜಿ ಕದಿಯುತ್ತದೆ. ಮೂತಿಯ ಭಾರ ಸೇರಿ 750. ಮುಂದೆ ಇದ್ದದ್ದೇ 700! ಕೊರತೆ ಬಿದ್ದದ್ದು 50 ಕೆಜಿ. ಇಬ್ಬರು ಹುಡುಗರು ಹತ್ತಿದ ಕೂಡಲೇ ಗಾಲಿ ಇಳಿದದ್ದು ಇದಕ್ಕೇ. ಹುಕ್ಕನ್ನು ಮೊದಲಿನ ಜಾಗಕ್ಕೆ ಇಳಿಸಿದ್ದರೆ 200 ಕೆಜಿ ಪುಕ್ಕಟೆ ಸಿಗುತ್ತಿತ್ತು, ಯಾರೂ ಹತ್ತಬೇಕಿರಲಿಲ್ಲ. ಹಿಂದಕ್ಕೆ ಮಗುಚಲು ಶುರುವಾದ ಟ್ರ್ಯಾಕ್ಟರನ್ನು ತಡೆಯಲು ಡ್ರೈವರ್‌ಗೆ ಸಿಗುವುದು ಸುಮಾರು ಮುಕ್ಕಾಲು ಸೆಕೆಂಡ್. ಕ್ಲಚ್ ಒತ್ತಬೇಕು ಅಂತ ಹೊಳೆಯುವಷ್ಟರಲ್ಲಿ ಅದು ಮುಗಿದಿರುತ್ತದೆ.

ಇದೇ ಲೆಕ್ಕ ಅಮೆರಿಕದಲ್ಲಿ ಹುಕ್ಕನ್ನು ಬಂಪರಿನಿಂದ ತೆಗೆದು ಪಿಕಪ್‌ನ ಸಾಮಾನು ಹೇರುವ ತೊಟ್ಟಿಯೊಳಕ್ಕೇ ತಂದಿದೆ. ಅಲ್ಲಿ ದನ, ಕುದುರೆ ಸಾಗಿಸುವವರು, ಗಾಲಿಯ ಮೇಲಿನ ಮನೆ ಎಳೆದುಕೊಂಡು ಊರೂರು ತಿರುಗುವವರು ಎಲ್ಲ ಪಿಕಪ್ಪನ್ನೇ ನಂಬಿದ್ದಾರೆ. ಬಂಪರ್ ಕೆಳಗಿನ ಹುಕ್ಕು ಹಿಂದಿನ ಅಚ್ಚಿನಿಂದ ಒಂದು ಮೀಟರಿಗೂ ಹೆಚ್ಚು ಹಿಂದಿರುತ್ತದೆ. ಟ್ರೇಲರ್ ಗಾಳಿಗೆ ಬಾಲ ಅಲ್ಲಾಡಿಸಿದರೆ ಆ ಒಂದು ಮೀಟರ್ ಸನ್ನೆಕೋಲಾಗಿ ಮುಂದಿನ ಗಾಡಿಯನ್ನೇ ತಿರುವುತ್ತದೆ. ಹುಕ್ಕು ಅಚ್ಚಿನ ನೇರಕ್ಕೆ ಬಂದರೆ ಸನ್ನೆಕೋಲೇ ಇಲ್ಲ. ಅಚ್ಚಿಗಿಂತ ಒಂಚೂರು ಮುಂದಿಟ್ಟರೆ ಇನ್ನೂ ಒಳ್ಳೆಯದು, ಮುಂದಿನ ಗಾಲಿಗೂ ಸ್ವಲ್ಪ ಭಾರ ಸಿಗುತ್ತದೆ. ಬೆಳಗಾವಿ ಪಕ್ಕದ 48ನೇ ಹೆದ್ದಾರಿಯಲ್ಲಿ ಹೋಗುವ ದೊಡ್ಡ ಟ್ರೇಲರ್ ಲಾರಿಗಳನ್ನು ನೋಡಿ. ಅವುಗಳ ಜೋಡಣೆಯೂ ಹೀಗೇ, ಹಿಂದಿನ ಗಾಲಿಗಳ ನೆತ್ತಿಯ ಮೇಲೆ.

ಎಷ್ಟು ಭಾರ ಮೂತಿಯ ಮೇಲಿರಬೇಕು ಎನ್ನುವುದು ಎತ್ತಿನ ಗಾಡಿ ತುಂಬುವವರಿಗೆ ಗೊತ್ತು. ಹೇರು ಮುಂದಾದರೆ ಎತ್ತಿನ ಹೆಗಲಿಗೆ ಭಾರ, ಹಿಂದಾದರೆ ನೊಗವೇ ಮೇಲೇಳುತ್ತದೆ. ಬಂಪರ್ ಹುಕ್ಕಿಗೆ ಟ್ರೇಲರ್ ತೂಕದ 10ರಿಂದ 15 ಶೇಕಡಾ ಸಾಕು. ತೊಟ್ಟಿಯೊಳಗಿನದಕ್ಕೆ 15ರಿಂದ 25 ಶೇಕಡಾವರೆಗೂ ಕೊಡುತ್ತಾರೆ.

ತೊಟ್ಟಿಯ ಹುಕ್ಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ಗೂಸ್‌ನೆಕ್: ತೊಟ್ಟಿಯ ನಡುವೆ ಸುಮಾರು 59 ಮಿಲಿಮೀಟರ್ ದಪ್ಪದ ಉಕ್ಕಿನ ಗುಂಡು ಅಷ್ಟೇ. ಬೇಡವಾದಾಗ ತೆಗೆದಿಟ್ಟರೆ ತೊಟ್ಟಿ ಖಾಲಿ. ಇನ್ನೊಂದು ಫಿಫ್ತ್ ವೀಲ್: ಲಾರಿಯಲ್ಲಿರುವಂಥದೇ ದವಡೆಯ ತಟ್ಟೆ, ಟ್ರೇಲರಿನ ಪಿನ್ನನ್ನು ಕಚ್ಚಿ ಹಿಡಿಯುತ್ತದೆ. ಸದ್ದು ಕಡಿಮೆ, ಕುಲುಕಾಟ ಕಡಿಮೆ, ಆದರೆ ಅರ್ಧ ತೊಟ್ಟಿ ಅದಕ್ಕೇ ಹೋಗುತ್ತದೆ. ವಾರವೆಲ್ಲ ಸಾಮಾನು ಹೇರಿ ಯಾವಾಗಲೋ ಒಮ್ಮೆ ಟ್ರೇಲರ್ ಎಳೆಯುವವರಿಗೆ ನಾನಾದರೆ ಗುಂಡನ್ನೇ ಹೇಳುತ್ತೇನೆ.

ಕೂರಿಸುವಾಗ ಜನ ಎಡವುವುದು ತೊಟ್ಟಿಯ ತಗಡನ್ನು ನಂಬಿ. ಆ ತಗಡು ಸಾಮಾನು ಹೊರಲು ಇರುವುದು, ಟನ್‌ಗಟ್ಟಲೆ ಎಳೆಯಲು ಅಲ್ಲ. ಹುಕ್ಕಿನ ಬೋಲ್ಟ್ ತಗಡನ್ನು ದಾಟಿ, ಕೆಳಗಿನ ಬ್ರಾಕೆಟ್ ಮೂಲಕ ಚಾಸಿಗೇ ಬಿಗಿಯಬೇಕು. ಕೆಳಗೆ ಡೀಸೆಲ್ ಪೈಪು, ಬ್ರೇಕ್ ಪೈಪು, ವೈರಿಂಗ್ ಹಾದುಹೋಗಿರುತ್ತವೆ. ಡ್ರಿಲ್ ಹಿಡಿಯುವ ಮೊದಲು ಒಮ್ಮೆ ಗಾಡಿ ಅಡಿಗೆ ಮಲಗಿ ನೋಡಬೇಕು. ವೆಲ್ಡಿಂಗ್ ಅಂತೂ ಬೇಡವೇ ಬೇಡ. ಹದ ಮಾಡಿದ ಉಕ್ಕಿಗೆ ಬೆಂಕಿ ತಾಗಿದರೆ ಅದರ ಹದ ಕೆಡುತ್ತದೆ, ಬಿರುಕು ಅಲ್ಲಿಂದಲೇ ಶುರು.

ಗಿಡ್ಡ ತೊಟ್ಟಿಯ ಪಿಕಪ್‌ಗೆ ಇನ್ನೊಂದು ತೊಡಕಿದೆ. ಹುಕ್ಕು ಅಚ್ಚಿನ ಮೇಲೆ ಬಂದಾಗ ಟ್ರೇಲರಿನ ಮೂಲೆಗೂ ಕ್ಯಾಬಿನ್ನಿನ ಹಿಂದಿನ ಗಾಜಿಗೂ ಅಂತರ ಕಡಿಮೆಯಾಗುತ್ತದೆ. ನೇರ ರಸ್ತೆಯಲ್ಲಿ ಗೊತ್ತೇ ಆಗುವುದಿಲ್ಲ. ರಿವರ್ಸಿನಲ್ಲಿ ಪೂರ್ತಿ ತಿರುಗಿಸಿದಾಗ ಗಾಜು ಹೋಗುತ್ತದೆ. ಇದಕ್ಕೆಂದೇ ಹಿಂದಕ್ಕೆ ಸರಿಯುವ ಹುಕ್ಕುಗಳಿವೆ: ತಿರುಗಿಸುವ ಮೊದಲು ಹಿಂದೆ ಸರಿಸಿ, ರಸ್ತೆಗೆ ಬಂದ ಮೇಲೆ ಮುಂದಕ್ಕೆ ತಂದು ಲಾಕ್ ಮಾಡಬೇಕು. ತೊಟ್ಟಿಯ ಪಕ್ಕದ ಗೋಡೆಗೂ ಟ್ರೇಲರಿನ ತಳಕ್ಕೂ 15 ಸೆಂಟಿಮೀಟರ್ ಆದರೂ ಬಿಡಬೇಕು, ಇಲ್ಲವಾದರೆ ಮೊದಲ ಹಂಪಿನಲ್ಲೇ ಎರಡೂ ತಾಗುತ್ತವೆ.