ಭೂಮಿ ಸುಟ್ಟುಹೋಗುವುದಾದರೆ ದೇವರು ಸರಿಮಾಡುವುದು ಏನನ್ನು?

ಪ್ರಶ್ನೆ: ದೇವರು ಸಮಸ್ತವನ್ನೂ ಸರಿಮಾಡ್ತಾನೆ ಅಂತ ಒಂದು ಭಾನುವಾರ ಕೇಳ್ತೀವಿ, ಭೂಮಿಯೆಲ್ಲ ಬೆಂಕಿಗೆ ಹೋಗುತ್ತೆ ಅಂತ ಇನ್ನೊಂದು ಭಾನುವಾರ. ಸುಟ್ಟುಹೋಗೋದೇ ಆದ್ರೆ ಈ ಗದ್ದೆ, ಕೆರೆ, ದುಡಿಮೆ ಎಲ್ಲ ಯಾಕೆ? (ಮಂಡ್ಯದ ಓದುಗರು)

ಉತ್ತರ: ಎರಡು ಮಾತೂ ಸತ್ಯವೇದದಲ್ಲಿವೆ, ಎರಡೂ ಪೇತ್ರನ ಹೆಸರಿನಲ್ಲೇ ಇವೆ. ಮೊದಲನೆಯದು ಅಪೊಸ್ತಲರ ಕೃತ್ಯಗಳು 3:21, ಎರಡನೆಯದು 2 ಪೇತ್ರ 3:10. ಎರಡನೆಯದನ್ನು ಒಂಟಿ ವಚನವಾಗಿ ಕಿತ್ತು ಓದಿದಾಗಲೇ ಗೊಂದಲ. 5ರಿಂದ 13ರವರೆಗೆ ನಿಲ್ಲಿಸದೆ ಓದಿ ನೋಡಿ. ನೋಹನ ಕಾಲದ ಲೋಕ ನೀರಿನಿಂದ ನಾಶವಾಯಿತು ಎನ್ನುತ್ತದೆ 6ನೆಯ ವಚನ. ಆದರೆ ನೀರು ಇಳಿದ ಮೇಲೆ ನೋಹ ಕಾಲಿಟ್ಟದ್ದು ಇದೇ ನೆಲಕ್ಕೆ, ದ್ರಾಕ್ಷಿತೋಟ ಮಾಡಿದ್ದೂ ಇದೇ ಮಣ್ಣಿನಲ್ಲಿ. ಮುಂದೆ ಬರುವ ಬೆಂಕಿಯನ್ನು ಪೇತ್ರ ಆ ನಾಶದ ಜೊತೆಗೇ ಇಟ್ಟು ಹೇಳುತ್ತಾನೆ. ಅಳಿಯುವುದು ಅನ್ಯಾಯದ ವ್ಯವಸ್ಥೆ; 13ನೆಯ ವಚನಕ್ಕೆ ಬಂದರೆ ನೀತಿ ನೆಲೆಸುವ ಹೊಸ ಭೂಮಿ ಕಾದಿದೆ.

ಕಬ್ಬು ಕಡಿದು ತರಗಿಗೆ ಬೆಂಕಿ ಕೊಟ್ಟವರಿಗೆ ಇದು ಬೇಗ ಹಿಡಿಯುತ್ತದೆ: ಮೇಲಿನದೆಲ್ಲ ಬೂದಿ, ಬುಡ ಚಿಗುರಿ ಕೂಳೆ ಬೆಳೆ. (ತರಗು ಸುಟ್ಟರೆ ಮಣ್ಣಿಗೆ ನಷ್ಟ, ಅದು ಬೇರೆ ಮಾತು.) ಹೋಲಿಕೆ ಅಲ್ಲಿಗೇ ನಿಲ್ಲಬೇಕು. ಕೂಳೆ ತಾನಾಗಿ ಚಿಗುರುತ್ತದೆ, ಹೊಸ ಭೂಮಿ ದೇವರು ಮಾಡಿದರೆ ಮಾತ್ರ.

ಇದಕ್ಕಿಂತ ಗಟ್ಟಿ ಆಧಾರ ಯೇಸುವಿನ ದೇಹವೇ. ಸಮಾಧಿ ಬರಿದಾಗಿತ್ತು. ಹಳೆಯ ದೇಹವನ್ನು ಅಲ್ಲೇ ಬಿಟ್ಟು ಬೇರೊಂದನ್ನು ತೊಟ್ಟು ಬಂದದ್ದಲ್ಲ. ಸತ್ತ ದೇಹವೇ ಎದ್ದಿತು, ಸಾವಿಲ್ಲದ್ದಾಗಿ. ಶಿಷ್ಯರ ಮುಂದೆ ಸುಟ್ಟ ಮೀನು ತಿಂದ (ಲೂಕ 24:42). ಮೊಳೆಯ ಗುರುತು ತೋಮನಿಗೆ ಕಂಡಿತು (ಯೋಹಾನ 20:27). ಪೌಲ ಇದೇ ಅಳತೆಯನ್ನು ಇಡೀ ಸೃಷ್ಟಿಗೆ ಹಿಡಿಯುತ್ತಾನೆ, ರೋಮಾಪುರದವರಿಗೆ 8:19ರಿಂದ 23ರವರೆಗೆ. ಸೃಷ್ಟಿಯ ನರಳಾಟ ಅಲ್ಲಿ ಹೆರಿಗೆ ನೋವು, ಸಾಯುವವರ ಸಂಕಟವಲ್ಲ. ನವೆಂಬರ್ 2ರಂದು ಮೈಸೂರಿನ ಕ್ಯಾಥೊಲಿಕ್ ಕುಟುಂಬಗಳು ಸಮಾಧಿ ತೊಳೆದು, ಹೂವಿಟ್ಟು, ಮೇಣದಬತ್ತಿ ಹಚ್ಚುವುದರ ಹಿಂದೆಯೂ ಈ ನಂಬಿಕೆಯೇ ಇದೆ: ಮಣ್ಣಿಗೆ ಕೊಟ್ಟ ದೇಹವನ್ನು ದೇವರು ಮರೆತಿಲ್ಲ. ಆತ್ಮ ಮೇಲೆ ಹೋಯಿತು, ಕಥೆ ಮುಗಿಯಿತು ಎನ್ನುವುದು ಅರ್ಧ ಉಪದೇಶ. ಪ್ರಕಟನೆ 21:2ರಲ್ಲಿ ಪಟ್ಟಣವೇ ಕೆಳಗೆ ಇಳಿದು ಬರುತ್ತದೆ.

ದುಡಿಮೆಯ ವಿಷಯ. ಯೆಶಾಯ 65:21-22ರಲ್ಲಿ ಕಟ್ಟಿದವರೇ ಮನೆಯಲ್ಲಿ ವಾಸಮಾಡುತ್ತಾರೆ, ನೆಟ್ಟವರೇ ಫಲ ತಿನ್ನುತ್ತಾರೆ. ಬೆಳೆದದ್ದು ಬಡ್ಡಿಗೋ ದಳ್ಳಾಳಿಗೋ ಹೋಗುವ ಊರಿನಲ್ಲಿ ಈ ವಚನಕ್ಕೆ ಬೇರೆ ವ್ಯಾಖ್ಯಾನ ಬೇಡ. ಪುನರುತ್ಥಾನದ ಬಗ್ಗೆ ಇಡೀ ಅಧ್ಯಾಯ ಬರೆದ ಪೌಲ ಕೊನೆಗೆ ಹೇಳುವುದೂ, ಕರ್ತನಿಗಾಗಿ ಪಟ್ಟ ಪ್ರಯಾಸ ವ್ಯರ್ಥವಲ್ಲ ಎಂದೇ (1 ಕೊರಿಂಥ 15:58).

‘ಸಮಸ್ತ’ ಅಂದಮೇಲೆ ಎಲ್ಲರೂ ತಾನಾಗಿ ರಕ್ಷಣೆ ಹೊಂದುತ್ತಾರೆ ಎಂದು ಎಳೆಯುವವರೂ ಇದ್ದಾರೆ. ಕೃತ್ಯಗಳು 3ರ ಅದೇ ಪ್ರಸಂಗದ 19ನೆಯ ವಚನದಲ್ಲಿ ಪೇತ್ರ ಮಾನಸಾಂತರ ಕೇಳುತ್ತಾನೆ, 23ರಲ್ಲಿ ಕಿವಿಗೊಡದವರಿಗೆ ಎಚ್ಚರಿಕೆ ಕೊಡುತ್ತಾನೆ.

ಮನೆ ಕೂಟದಲ್ಲಿ ಓದುವುದಾದರೆ ಕೃತ್ಯಗಳು 3:12-26, ರೋಮಾಪುರ 8:18-25, ಆಮೇಲೆ 2 ಪೇತ್ರ 3, ಕೊನೆಗೆ ಪ್ರಕಟನೆ 21:1-5. ಈ ಕ್ರಮ ಒಳ್ಳೆಯದು. ಪ್ರಕಟನೆಯಿಂದ ಶುರುಮಾಡಿದರೆ ಮಾತು ಯುದ್ಧ, ಭೂಕಂಪ, ತಾರೀಖಿನ ಕಡೆ ಹೊರಳುತ್ತದೆ. ತಾರೀಖು ಹೇಳುವವರು ಸಿಕ್ಕರೆ ಕೃತ್ಯಗಳು 1:7 ತೆರೆದು ಅವರ ಕೈಗೇ ಕೊಡಿ.